ಮೆಲ್ಲಗೆ ಮಾತಾಡುವ ಮನೆ

ಹನಿಮೂನಿಗೆ ಹೋದ ದ್ವೀಪದಲ್ಲಿ ನನ್ನ ಗಂಡ ಶುದ್ಧ ಬಾಯಿಬಡುಕ. ಬೆಳಿಗ್ಗೆ ಕಣ್ಣು ಬಿಟ್ಟ ಗಳಿಗೆಯಿಂದ ನಿದ್ದೆ ಹತ್ತುವ ತನಕ ಇವರ ಬಾಯಿಗೆ ಬೀಗವಿರಲಿಲ್ಲ. ದೋಣಿಯವನ ಜೊತೆ ಅವನ ಇಂಜಿನ್ನಿನ ಬಗ್ಗೆ ವಾದ, ಹೋಟೆಲಿನ ಅಡುಗೆಯವಳ ಜೊತೆ ಉಪ್ಪಿನ ಬಗ್ಗೆ ವಾದ, ಯಾರೂ ಸಿಗದಿದ್ದರೆ ನನ್ನ ಜೊತೆ ಕಡಲಹಕ್ಕಿಗಳ ಬಗ್ಗೆ ವಾದ. ನಾವು ಇಳಿದುಕೊಂಡಿದ್ದ ಕೋಣೆ ದಡಕ್ಕೆ ಎಷ್ಟು ಹತ್ತಿರವಿತ್ತೆಂದರೆ ಅಲ್ಲಿ ಮಾತಾಡಬೇಕಾದರೆ ಕೂಗಲೇಬೇಕಿತ್ತು. ಇಬ್ಬರೂ ಕೂಗಿದೆವು. ಪ್ರೀತಿಯ ಮಾತನ್ನೂ ಕೂಗಿಯೇ ಹೇಳಿದೆವು. ಪಕ್ಕದ ಕೋಣೆಯ ವಯಸ್ಸಾದ ದಂಪತಿ ನಮ್ಮನ್ನು ಕಂಡಾಗಲೆಲ್ಲ ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುತ್ತಿದ್ದುದು ಯಾಕೆಂದು ನನಗೆ ಹೊಳೆದದ್ದು ಹೊರಡುವ ದಿನ. ಅಷ್ಟು ಹೊತ್ತಿಗೆ ನಾಚಿಕೊಂಡು ಉಪಯೋಗವಿರಲಿಲ್ಲ.

ಕೂಗುವುದು ನನಗೆ ಹೊಸದೇನಲ್ಲ. ನನ್ನಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಅವರು ಒಂದು ಸಲ ಬಾಯಿ ತೆರೆದರೆ ಲಾರಿಯ ಹಾರ್ನು ಕೂಡ ಸುಮ್ಮನಾಗಬೇಕು. ಮೂವರು ಅಣ್ಣಂದಿರಿಗೂ ಅದೇ ಗಂಟಲು. ಊಟಕ್ಕೆ ಕೂತಾಗ ಉಪ್ಪು ಬೇಕೆಂದರೂ ನಾಲ್ಕು ಗಂಡಸರ ದನಿಯನ್ನು ಮೀರಿಸಿ ಕೇಳಬೇಕಾದ ಮನೆಯಲ್ಲಿ ಬೆಳೆದವಳು ನಾನು. ಅಣ್ಣಂದಿರು ನನಗಿಟ್ಟ ಅಡ್ಡಹೆಸರು ಮೈಕು. ಓದು ಮುಗಿಸಿ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಕೆಲಸಕ್ಕೆ ಸೇರಿದಾಗ, ಆ ಕೆಲಸಕ್ಕೆ ಇವಳನ್ನು ಬಿಟ್ಟು ಇನ್ನು ಯಾರನ್ನು ತಗೊಳ್ತಾರೆ ಎಂದು ಮನೆಮಂದಿಯೆಲ್ಲ ನಕ್ಕಿದ್ದರು.

ಮದುವೆ ಹಿರಿಯರು ನೋಡಿ ಮಾಡಿದ್ದು. ಮೊದಲ ಸಲ ನಮ್ಮ ಮನೆಗೆ ಬಂದಾಗ ಇವರು ಆಡಿದ್ದು ಒಂದೆರಡು ಮಾತು. ನಮ್ಮ ಮನೆಯಲ್ಲಿ ಹೊರಗಿನವರಿಗೆ ಅದಕ್ಕಿಂತ ಹೆಚ್ಚು ಅವಕಾಶವೂ ಇರಲಿಲ್ಲ ಅನ್ನಿ. ಆದರೂ ಅಪ್ಪನಿಗೆ ಚಿಂತೆ ಹತ್ತಿತ್ತು. "ಹುಡುಗ ಒಳ್ಳೆಯವನೇ. ಆದರೆ ಬಾಯಿಂದ ಮಾತು ಉದುರಿದರೆ ಮುತ್ತು ಉದುರಿದ ಹಾಗೆ. ನೀನು ಹೇಗೆ ಏಗ್ತೀಯಮ್ಮ?" ಎಂದಿದ್ದರು. ದ್ವೀಪದಲ್ಲಿ ನೋಡಿದರೆ ಮುತ್ತಿನ ಮೂಟೆಯೇ ಬಾಯಿ ಬಿಚ್ಚಿತ್ತು. ನನಗೆ ಲಾಟರಿ ಹೊಡೆದಷ್ಟು ಸಂತೋಷ. ಇಷ್ಟು ಮಾತಾಡುವ ಗಂಡ ಎಷ್ಟು ಜನರಿಗೆ ಸಿಗುತ್ತಾನೆ? ಈಗ ಇಷ್ಟು ವರ್ಷಗಳ ಮೇಲೆ ನೆನೆದರೂ ಆ ದಿನಗಳ ನೀರಿನ ಬಣ್ಣ ನನಗೆ ಸರಿಯಾಗಿ ನೆನಪಿಲ್ಲ. ಗಾಳಿಗೆ ಎದುರಾಗಿ ನಿಂತು ಏನೋ ಹೇಳುತ್ತಿದ್ದ ಇವರ ಬಾಯಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಹಿಂದಿರುಗಿದ ದಿನ ಟ್ಯಾಕ್ಸಿಯಲ್ಲೂ ಇವರ ಬಾಯಿ ನಿಂತಿರಲಿಲ್ಲ. ದೋಣಿಯಿಂದ ಇಳಿಯುವಾಗ ನನ್ನ ಚಪ್ಪಲಿ ನೀರಿಗೆ ಬಿದ್ದ ಕತೆಯನ್ನು ಚಾಲಕನಿಗೆ ಮತ್ತೆ ಮತ್ತೆ ಹೇಳಿದರು. ಚಾಲಕ ಪಾಪ, ಪ್ರತಿ ಸಲವೂ ನಕ್ಕ. ಮನೆಯ ಮುಂದೆ ಇಳಿದು, ಪೆಟ್ಟಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಅದೇ ಜೋರಿನಲ್ಲಿ ಮಾತಾಡುತ್ತ ಬಾಗಿಲ ತನಕ ಬಂದವರು ತಟ್ಟನೆ ನಿಂತುಬಿಟ್ಟರು. ಬಾಗಿಲ ಹಿಡಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿತ್ತು. ಇವರು ಪೆಟ್ಟಿಗೆ ಕೆಳಗಿಟ್ಟು ತುಟಿಯ ಮೇಲೆ ಬೆರಳಿಟ್ಟರು. ಮಾತು ಅಲ್ಲಿಗೇ ತುಂಡಾಯಿತು.

ಆ ಕಟ್ಟಡದ ಕೆಳಗಡೆ ಅಂಗಡಿ, ಮೇಲೆ ಮನೆ. ಮಾವನವರದು ಹಾರ್ಮೋನಿಯಂ, ಅಕಾರ್ಡಿಯನ್, ಹಳೆಯ ಪಿಯಾನೊ ಇಂಥವನ್ನು ರಿಪೇರಿ ಮಾಡಿ ಶ್ರುತಿ ಹಿಡಿದುಕೊಡುವ ಕೆಲಸ. ಅವರಪ್ಪನೂ ಅದನ್ನೇ ಮಾಡಿದವರು, ಮಗನೂ ಅದನ್ನೇ ಕಲಿತವರು. ಶ್ರುತಿ ಹಿಡಿಯುವಾಗ ಬಾಗಿಲಿಗೆ ಕೆಂಪು ಪಟ್ಟಿ ಏರುತ್ತದೆ. ಪಟ್ಟಿ ಇರುವಷ್ಟು ಹೊತ್ತು ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಕುರ್ಚಿಯ ಕಾಲಿಗೆಲ್ಲ ಬಟ್ಟೆ ಸುತ್ತಿತ್ತು. ಸೌಟುಗಳೆಲ್ಲ ಮರದವು. ಕುಕ್ಕರ್ ಇಡಬೇಕಾದರೆ ಪಟ್ಟಿ ಇಳಿಯುವ ತನಕ ಕಾಯಬೇಕು. ಅತ್ತೆ ಹುಬ್ಬು ಹಾರಿಸಿದರೆ ಚಹಾ ಬೇಕಾ ಎಂದು ಅರ್ಥ, ಹುಬ್ಬು ಗಂಟಿಕ್ಕಿದರೆ ಬಾಗಿಲು ಮೆಲ್ಲಗೆ ಹಾಕು ಎಂದು ಅರ್ಥ. ಮೊದಮೊದಲು ನನಗೆ ಎರಡಕ್ಕೂ ವ್ಯತ್ಯಾಸ ತಿಳಿಯದೆ, ಬಾಗಿಲು ಹಾಕಬೇಕಾದಾಗ ಚಹಾ ಮಾಡಿ ತಂದುಕೊಟ್ಟದ್ದೂ ಉಂಟು.

ಕೆಲಸಕ್ಕೆ ಮೌನ ಬೇಕೆಂದರೆ ಯಾರು ಬೇಡವೆನ್ನುತ್ತಾರೆ? ನನಗೆ ಅರ್ಥವಾಗದೆ ಹೋದದ್ದು ಬೇರೆ. ಪಟ್ಟಿ ಇಳಿದ ಮೇಲೂ ಆ ಮನೆಯಲ್ಲಿ ಯಾರೂ ದನಿ ಏರಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಆಡುವ ಮಾತು ಅವರ ತಟ್ಟೆಯನ್ನು ದಾಟಿ ಬರುತ್ತಿರಲಿಲ್ಲ. ಇವರಂತೂ ಗಂಟಲನ್ನು ದ್ವೀಪದಲ್ಲೇ ಮರೆತು ಬಂದವರಂತೆ ಹೂಂ, ಊಹೂಂಗೆ ಇಳಿದುಬಿಟ್ಟಿದ್ದರು. ನಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡಾಗಲೂ, ಪಿಸುಮಾತು. "ಇಲ್ಲಿ ಯಾರು ಕೇಳಿಸ್ಕೊಳ್ತಾರೆ? ಜೋರಾಗಿ ಮಾತಾಡಿ" ಅಂದರೆ ನಕ್ಕು ನೆಲದ ಕಡೆ ಬೆರಳು ತೋರಿಸುತ್ತಿದ್ದರು. ಮರದ ಹಲಗೆಯ ನೆಲ. ಕೆಳಗೆ ಅಂಗಡಿ.

ಮಧ್ಯಾಹ್ನ ಊಟವಾದ ಮೇಲೆ ಮಾವನವರು ಸ್ವಲ್ಪ ಮಲಗುತ್ತಿದ್ದರು. ನನ್ನದು ಬೆಳಗಿನ ಪಾಳಿ. ಆ ಹೊತ್ತಿಗೆ ನಾನೂ ಮನೆಯಲ್ಲಿರುತ್ತಿದ್ದೆ. ಇಬ್ಬರೂ ಕೂತು ನಾಲ್ಕು ಮಾತಾಡಲು ಅದಕ್ಕಿಂತ ಒಳ್ಳೆಯ ಸಮಯ ಎಲ್ಲಿದೆ? ಆದರೆ ಇವರು ಕೈ ತೊಳೆದವರೇ, "ಸ್ವಲ್ಪ ಕೆಲಸ ಇದೆ" ಎಂದು ಕೆಳಗಿಳಿದು ಮಾಯವಾಗುತ್ತಿದ್ದರು. ದಿನಾ ಇದೇ ಹಾಡು. ಮಾವನವರು ಏಳುವ ಹೊತ್ತಿಗೆ ಸರಿಯಾಗಿ, ಕೈಗೆ ಹಿತ್ತಾಳೆಯ ಪುಡಿ ಮೆತ್ತಿಕೊಂಡು ಮೇಲೆ ಬರುತ್ತಿದ್ದರು.

ನನಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಹೆದರಿಕೆಯಾಯಿತು. ದ್ವೀಪದಲ್ಲಿ ನಾನು ಕಂಡ ಮನುಷ್ಯ ನಿಜವೋ, ಈ ಮನುಷ್ಯ ನಿಜವೋ? ಅಲ್ಲಿ ಹೊಸ ಜಾಗದ ಹುಮ್ಮಸ್ಸಿನಲ್ಲಿ ನಾಲ್ಕು ದಿನ ಕುಣಿದು, ಇಲ್ಲಿಗೆ ಬಂದು ತಮ್ಮ ಅಸಲು ರೂಪ ತಾಳಿದರೆ? ಇನ್ನು ಜೀವಮಾನವಿಡೀ ಈ ಹೂಂ, ಊಹೂಂ ಜೊತೆ ಸಂಸಾರ ಮಾಡಬೇಕೆಂದರೆ ನನ್ನಂಥವಳ ಗತಿಯೇನು?

ಆ ಮನೆಯಲ್ಲಿ ನನಗೆ ಸಮಾಧಾನವಾಗಿದ್ದವರೆಂದರೆ, ನಂಬಿದರೆ ನಂಬಿ, ಮಾವನವರು. ಸಂಜೆ ಪಟ್ಟಿ ಇಳಿಸಿ, ಕೈಕಾಲು ತೊಳೆದು, ಅವರು ಸೀದಾ ಅಡುಗೆಮನೆಗೆ ಬರುತ್ತಿದ್ದರು. ಕಿಟಕಿಯ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, "ಏನಮ್ಮಾ, ಇವತ್ತು ಏನು ನಿನ್ನ ಬಸ್ ಸ್ಟ್ಯಾಂಡ್ ಸಮಾಚಾರ?" ಎನ್ನುವರು. ನನಗೆ ಅಷ್ಟು ಸಾಕಿತ್ತು. ಬಟಾಣಿ ಬಿಡಿಸುತ್ತ ನನ್ನ ಸಹಜ ಗಂಟಲಿನಲ್ಲಿ ಶುರುಮಾಡುತ್ತಿದ್ದೆ. ಬೇರೆ ಊರಿನ ಬಸ್ಸಲ್ಲಿ ಕೂತು ಗೊರಕೆ ಹೊಡೆದವನ ಕತೆ, ಮರೆತುಹೋದ ಕೊಡೆಗಾಗಿ ಮೂವರು ಹೆಂಗಸರು ಕಿತ್ತಾಡಿದ ಕತೆ. ಮಾವನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಆಮೇಲೆ?" ಎಂದು ಕೇಳುತ್ತಿದ್ದರು. ಒಲೆಯ ಮುಂದೆ ನಿಂತ ಅತ್ತೆ ನನ್ನ ಕಡೆ ತಿರುಗಿ ಅಂಗೈಯನ್ನು ಮೆಲ್ಲನೆ ಕೆಳಕ್ಕೆ ಒತ್ತಿ ತೋರಿಸುವರು. ದನಿ ಇಳಿಸು ಎಂದು. ನಾನು ಒಂದು ನಿಮಿಷ ಇಳಿಸಿ ಮತ್ತೆ ಏರಿಸುತ್ತಿದ್ದೆ. ಗಂಟಲೇ ಹಾಗೆ, ಏನು ಮಾಡಲಿ?

ಒಂದು ಮಧ್ಯಾಹ್ನ ನನ್ನ ತಾಳ್ಮೆ ಮುಗಿಯಿತು. ಇವತ್ತು ಜಗಳ ಆಡಿಯೇ ತೀರುವುದೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಇವರ ಹಿಂದೆಯೇ ಕೆಳಗಿಳಿದೆ. ಅಂಗಡಿಯಲ್ಲಿ ಒಂದು ಹಾರ್ಮೋನಿಯಂ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ರೀಡುಗಳ ಹಲಗೆ ಬೆಂಚಿನ ಮೇಲಿತ್ತು. ಹಿತ್ತಾಳೆಯ ಚಿಕ್ಕ ಚಿಕ್ಕ ನಾಲಗೆಗಳ ಸಾಲು. ಇವರು ಎಡಗೈಯಲ್ಲಿ ಸಣ್ಣ ಅರ ಹಿಡಿದು ತೀರಾ ಕೊನೆಯ ರೀಡುಗಳನ್ನು ಒಂದೊಂದಾಗಿ ಗೀರುತ್ತಿದ್ದರು. ಗೀರುವುದು, ಬಾಯಿಂದ ಗಾಳಿ ಊದಿ ಕೇಳುವುದು, ಮತ್ತೆ ಗೀರುವುದು.

"ಇದನ್ನ ಮಾವ ಊಟಕ್ಕೆ ಮುಂಚೆನೇ ಮುಗಿಸಿಟ್ಟಿದ್ದಲ್ವಾ?" ಎಂದೆ. ಪಟ್ಟಿ ಇಳಿಸುವಾಗ ನಾನೇ ನೋಡಿದ್ದೆ.

ಇವರು ಬೆಚ್ಚಿಬಿದ್ದರು. ಕಳ್ಳ ಸಿಕ್ಕಿಬಿದ್ದ ಹಾಗೆ ಅರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಆಮೇಲೆ ಉಸಿರು ಬಿಟ್ಟು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ದ್ವೀಪದಿಂದ ಬಂದ ಮೇಲೆ ಮೊದಲ ಸಲ ನನಗೆ ನಾಲ್ಕು ಮಾತು ಒಟ್ಟಿಗೆ ಹೇಳಿದರು. ಅದೂ ಪಿಸುಮಾತಿನಲ್ಲಿ.

"ಅಪ್ಪನಿಗೆ ಕಿವಿ ಮಂದ ಆಗ್ತಿದೆ ಕಣೇ. ಮೇಲಿನ ಸ್ವರಗಳು ಮೊದಲು ಹೋದವು. ಸರಿ ಇದೆ ಅಂದ್ಕೊಂಡು ಹಾಗೇ ಬಿಡ್ತಾರೆ, ನಾನು ಆಮೇಲೆ ತಿದ್ದುತೀನಿ. ಗೊತ್ತಾಯ್ತು ಅಂದ್ರೆ ಅವರು ಬೆಂಚಿನಿಂದ ಎದ್ದುಬಿಡ್ತಾರೆ. ಎದ್ದರೆ ಮತ್ತೆ ಕೂರಲ್ಲ. ಕೂರದೆ ಅವರು ಬದುಕಲ್ಲ."

"ಸುಮ್ನಿರಿ, ನಾನು ಮಾತಾಡಿದ್ದೆಲ್ಲ ಅವರಿಗೆ ಕೇಳುತ್ತೆ."

"ನಿನ್ನದು ಬಿಡು ಮಹರಾಯ್ತಿ, ನೀನು ಮಾತಾಡಿದರೆ ಗೋಡೆಗೂ ಕೇಳುತ್ತೆ" ಎಂದು ನಕ್ಕರು. ಕೂಡಲೇ ಮುಖ ಸಪ್ಪೆಯಾಯಿತು. "ಅದೇ ಅಮ್ಮನಿಗೆ ಭಯ."

ಭಯ ಏನೆಂದು ಅತ್ತೆಯೇ ಸಂಜೆ ಬಿಡಿಸಿ ಹೇಳಿದರು. ಮಾವನವರ ಕಿವಿ ಮಂದವಾಗುತ್ತಿದೆ ಎಂದು ಅತ್ತೆಗೆ ತಿಳಿದು ಬಹಳ ಕಾಲವಾಗಿತ್ತು. ಹಾಗೆ ತಿಳಿದ ದಿನದಿಂದ ಅವರು ತಮ್ಮ ದನಿ ಇಳಿಸಿದ್ದರು, ಮಗನಿಗೂ ಇಳಿಸಲು ಹೇಳಿದ್ದರು. ನಾನು ಬಾಯಿ ಬಿಟ್ಟು ನೋಡಿದೆ. ಕಿವಿ ಕೇಳದವರ ಮುಂದೆ ಜನ ದನಿ ಏರಿಸುತ್ತಾರೆ, ಈ ಮನೆಯವರು ಇಳಿಸಿದ್ದರು!

"ನಾವು ಜೋರಾಗಿ ಮಾತಾಡೋಕೆ ಶುರು ಮಾಡಿದರೆ ಅವರಿಗೆ ತಕ್ಷಣ ಗೊತ್ತಾಗಲ್ವಾ? ಮೆಲ್ಲಗೆ ಮಾತಾಡಿದರೆ, ಇವರು ಮಾತಾಡೋದೇ ಹೀಗೆ, ಅದಕ್ಕೇ ಕೇಳಿಸ್ತಿಲ್ಲ ಅಂದ್ಕೊಳ್ತಾರೆ. ತಪ್ಪು ನಮ್ಮ ಬಾಯಿದು ಅಂತ ಆಗುತ್ತೆ, ಅವರ ಕಿವಿದು ಅಂತ ಆಗಲ್ಲ. ನಿನ್ನ ದನಿ ಒಂದೇ ಬೇರೆ ಥರ ಇದ್ದರೆ ಹೋಲಿಸಿ ನೋಡ್ತಾರೆ. ನೀನೂ ಸ್ವಲ್ಪ ಇಳಿಸಮ್ಮ. ಅವರಿಗೋಸ್ಕರ."

ಬೇರೆ ಯಾವ ಮನೆಯಲ್ಲಾದರೂ ಇಂಥ ಉಪಾಯ ಯಾರಿಗಾದರೂ ಹೊಳೆಯುತ್ತಿತ್ತೇ? ಒಂದು ರೀಡು ಕೆಟ್ಟಿದೆ ಎಂದು ಗೊತ್ತಾಗಬಾರದೆಂದು ಉಳಿದ ರೀಡುಗಳನ್ನೆಲ್ಲ ಅದರ ಮಟ್ಟಕ್ಕೆ ಇಳಿಸಿ, ಇಡೀ ಮನೆಯನ್ನೇ ಶ್ರುತಿ ಮಾಡಿಟ್ಟಿದ್ದರು. ನಗಬೇಕೆನಿಸಿತು. ಆದರೆ ಅತ್ತೆಯ ಕಣ್ಣಲ್ಲಿ ನೀರಿತ್ತು. ಆಗಲಿ ಅತ್ತೆ ಎಂದೆ. ಗಂಡನ ಮೌನಕ್ಕೆ ಕಾರಣ ನಾನಲ್ಲ ಎಂದು ತಿಳಿದು ಎದೆಯ ಭಾರ ಸ್ವಲ್ಪ ಇಳಿದಿತ್ತು, ನಿಜ. ಆದರೆ ಆ ಮೌನ ಇನ್ನು ಮುಗಿಯುವಂಥದ್ದಲ್ಲ ಎಂದೂ ಅವತ್ತೇ ತಿಳಿಯಿತು. ನಾನೇ ಅದಕ್ಕೆ ಒಪ್ಪಿ ಸಹಿ ಹಾಕಿದ ಹಾಗಾಗಿತ್ತು.

ದನಿ ಇಳಿಸುವುದೆಂದರೆ ನೀರಿನಲ್ಲಿ ಚೆಂಡನ್ನು ಅದುಮಿ ಹಿಡಿದ ಹಾಗೆ. ಕೈ ಸಡಿಲವಾದರೆ ಮೇಲೆ ಬಂತು. ಹಟ ಹಿಡಿದು ಕಲಿತೆ. ಅತ್ತೆ ತಲೆದೂಗಿದರು. ಎಷ್ಟು ಚೆನ್ನಾಗಿ ಕಲಿತೆನೆಂದರೆ ಅದು ಕೆಲಸದ ಜಾಗಕ್ಕೂ ನನ್ನ ಹಿಂದೆಯೇ ಬಂತು. ಬಸ್ ನಿಲ್ದಾಣದಲ್ಲಿ ನನ್ನದೊಂದು ಗಾಜಿನ ಗೂಡು. ಒಂದು ಕುರ್ಚಿ, ಒಂದು ಫ್ಯಾನು, ಸ್ಪಂಜಿನ ಟೊಪ್ಪಿ ಹಾಕಿಕೊಂಡ ಒಂದು ಮೈಕು. "ಪ್ರಯಾಣಿಕರ ಗಮನಕ್ಕೆ" ಎಂದು ನಾನು ಶುರುಮಾಡಿದರೆ ನಿದ್ದೆಯಲ್ಲಿದ್ದವರೂ ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಿದ್ದರು. ಈಗ ಯಾರೂ ಏಳಲೊಲ್ಲರು. ಕಂಟ್ರೋಲರ್ ಗಾಜು ತಟ್ಟಿ ಒಳಗೆ ತಲೆ ಹಾಕಿದರು. "ಏನಮ್ಮಾ, ಗಂಟಲು ಅತ್ತೆ ಮನೆಯಲ್ಲೇ ಬಿಟ್ಟು ಬಂದ್ಯಾ? ಬಸ್ಸು ಅರ್ಧ ಖಾಲಿ ಹೋಯ್ತು. ಜನ ಇಲ್ಲೇ ಕೂತು ಕಡಲೆ ತಿಂತಿದ್ದಾರೆ." ಅವರು ನಗುತ್ತಲೇ ಹೇಳಿದ್ದು. ಆದರೆ ನನಗೆ ಅಳು ಬಂತು. ಅಲ್ಲಿಯ ತನಕ ಕೆಲಸದ ಜಾಗದಲ್ಲಿ ನನ್ನ ದನಿಯ ಬಗ್ಗೆ ಯಾರೂ ಯಾವ ದೂರೂ ಹೇಳಿರಲಿಲ್ಲ.

ಅಪ್ಪನಿಗೆ ಫೋನು ಮಾಡಿದಾಗ ಇನ್ನೂ ಎಡವಟ್ಟಾಯಿತು. ನಾನು ಹಲೋ ಅಂದದ್ದೇ ತಡ, "ಯಾರು ಏನಂದ್ರು ನಿನಗೆ?" ಎಂದು ಆ ಕಡೆಯಿಂದ ಗುಡುಗಿದರು. ಯಾರೂ ಏನೂ ಅಂದಿಲ್ಲ ಎಂದು ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದ್ದರಿಂದಲೇ ಅವರಿಗೆ ಅದು ಸುಳ್ಳೆಂದು ಖಾತ್ರಿಯಾಯಿತು. "ನನ್ನ ಮಗಳು ಹೀಗೆ ಮಾತಾಡೋಳಲ್ಲ. ಭಾನುವಾರ ಅಣ್ಣನ್ನ ಕಳಿಸ್ತೀನಿ, ನಾಲ್ಕು ದಿನ ಇಲ್ಲಿ ಬಂದು ಇರು" ಎಂದರು. ಬೇಡಪ್ಪ ಅನ್ನಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಆಯ್ತು ಎಂದು.

ಇದರ ನಡುವೆ ನನ್ನ ಗಮನಕ್ಕೆ ಬಂದೂ ಬಾರದ ಹಾಗೆ ಇನ್ನೊಂದು ನಡೆಯುತ್ತಿತ್ತು. ಸಂಜೆ ಮಾವನವರು ಎಂದಿನಂತೆ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದರು, ಸಮಾಚಾರ ಕೇಳುತ್ತಿದ್ದರು. ನಾನು ಇಳಿಸಿದ ದನಿಯಲ್ಲಿ ಹೇಳುತ್ತಿದ್ದೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ ನನ್ನ ತುಟಿಗಳನ್ನೇ ನೋಡುವರು. ಒಂದು ಮುಗುಳ್ನಗೆ, ಒಂದು ತಲೆಯಾಡಿಸುವಿಕೆ. "ಆಮೇಲೆ?" ಎಂಬ ಪ್ರಶ್ನೆ ನಿಂತುಹೋಗಿತ್ತು. ಆಮೇಲಾಮೇಲೆ ಬಂದವರು ಕೂರದೆ ನೀರು ಕುಡಿದು ಹೋಗತೊಡಗಿದರು. ಕೊನೆಗೆ ಬರುವುದನ್ನೇ ಬಿಟ್ಟರು. ನಾನು ಬಟಾಣಿ ಬಿಡಿಸುತ್ತ ಆ ಖಾಲಿ ಸ್ಟೂಲಿನ ಕಡೆ ನೋಡುತ್ತಿದ್ದೆ. ಕೇಳಿಸದಿದ್ದರೆ ಬೇಸರವಾಗುವುದು ಸಹಜ ಎಂದುಕೊಂಡೆನೇ ಹೊರತು ಅದಕ್ಕಿಂತ ಆಳಕ್ಕೆ ನನ್ನ ಬುದ್ಧಿ ಇಳಿಯಲಿಲ್ಲ.

ಶನಿವಾರ ಸಂಜೆ ಬಟ್ಟೆ ಜೋಡಿಸಿದೆ. ದ್ವೀಪಕ್ಕೆ ಒಯ್ದಿದ್ದ ಅದೇ ಪೆಟ್ಟಿಗೆ. ಮೂಲೆಯಲ್ಲಿ ಇನ್ನೂ ಮರಳಿತ್ತು. ಕೈಗೆ ಮರಳು ತಾಗಿದ್ದೇ ತಡ, ಮಂಚದ ಅಂಚಿಗೆ ಕೂತು ಸಮಾಧಾನವಾಗುವ ತನಕ ಅತ್ತುಬಿಟ್ಟೆ. ಇವರು ಬಾಗಿಲಲ್ಲಿ ಬಂದು ನಿಂತರು. ಏನೋ ಹೇಳಲು ಬಾಯಿ ತೆರೆದರು, ನೆಲದ ಕಡೆ ನೋಡಿದರು, ಮುಚ್ಚಿದರು. ಹೋಗಬೇಡ ಎನ್ನಲಿಲ್ಲ. ಅಂದಿದ್ದರೆ ನಾನು ಆ ಕ್ಷಣವೇ ಪೆಟ್ಟಿಗೆ ಖಾಲಿ ಮಾಡುತ್ತಿದ್ದೆ. ಈ ಮನುಷ್ಯನಿಗೆ ನಾನು ಹೋದರೂ ಒಂದೇ, ಇದ್ದರೂ ಒಂದೇ ಎಂದು ರೋಷ ಉಕ್ಕಿತು. ನಾಲ್ಕು ದಿನವೆಂದು ಹೊರಟವಳು ನಾಲ್ಕು ದಿನಕ್ಕೆ ಹಿಂದೆ ಬರುತ್ತೇನೋ ಇಲ್ಲವೋ ಎಂಬುದು ನನಗೇ ಖಚಿತವಿರಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಬಂದು ನಡುಮನೆಯಲ್ಲಿಟ್ಟೆ.

ಮಾವನವರು ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದರು. ಪೆಟ್ಟಿಗೆಯನ್ನು ನೋಡಿದರು. ನನ್ನ ಊದಿಕೊಂಡ ಕಣ್ಣು ನೋಡಿದರು. ಗೋಡೆ ಹಿಡಿದುಕೊಂಡು ಕುರ್ಚಿಗೆ ಕೂತರು.

"ನಿನಗೂ ನಾನು ಬೇಡ ಆದೆನಾ?" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಅಡುಗೆಮನೆಯಿಂದ ಕೈ ಒರೆಸುತ್ತ ಬಂದರು. ಇವರು ಕೋಣೆಯ ಬಾಗಿಲಲ್ಲೇ ನಿಂತಿದ್ದರು.

"ಈ ಮನೆಯಲ್ಲಿ ನನ್ನ ಹತ್ತಿರ ಯಾರೂ ಮಾತಾಡಲ್ಲ" ಎಂದರು ಮಾವನವರು. ಯಾರ ಮೇಲೂ ಸಿಟ್ಟಿರಲಿಲ್ಲ. ಎಂದೋ ಒಪ್ಪಿಕೊಂಡ ವಿಷಯ ಹೇಳುವವರ ಹಾಗಿತ್ತು ಅವರ ದನಿ. "ಮೊದಮೊದಲು ನನ್ನ ಕಿವಿನೇ ಕೆಟ್ಟಿದೆ ಅಂದ್ಕೊಂಡೆ. ಪೂರ್ತಿ ಕಿವುಡ ಆಗ್ತಿದ್ದೀನಿ ಅಂದ್ಕೊಂಡು ಸುಮ್ಮನಿದ್ದೆ. ಆಮೇಲೆ ನೀನು ಬಂದೆ. ನೀನು ಮಾತಾಡಿದ್ದು ಒಂದೊಂದು ಅಕ್ಷರನೂ ಕೇಳಿಸ್ತು. ಅಂದ್ರೆ ನನ್ನ ಕಿವಿ ಅಷ್ಟೇನೂ ಹೋಗಿಲ್ಲ ಅಂತ ಆಯ್ತಲ್ವಾ? ಹಾಗಾದ್ರೆ ಇವರಿಬ್ಬರೂ ಬರೀ ಬಾಯಿ ಅಲ್ಲಾಡಿಸ್ತಾರೆ, ಮಾತಾಡಲ್ಲ. ನಾನೇನು ತಪ್ಪು ಮಾಡಿದೆನೋ ಗೊತ್ತಿಲ್ಲ. ಕೇಳೋಕೆ ಹೆದರಿಕೆ. ಹೋಗ್ಲಿ, ಸೊಸೆಯಾದ್ರೂ ಮಾತಾಡ್ತಾಳೆ ಅಂತ ಸಂಜೆ ಬಂದು ಕೂರ್ತಿದ್ದೆ. ಈಗ ನೀನೂ ಬರೀ ಬಾಯಿ ಅಲ್ಲಾಡಿಸ್ತೀಯ. ಈಗ ಹೊರಟೂಬಿಟ್ಟೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಇಷ್ಟು ಕಾಲ ಯಾರ ಮನಸ್ಸು ನೋಯಬಾರದೆಂದು ಆ ಹೆಂಗಸು ತನ್ನ ಗಂಟಲನ್ನು ಹಿಸುಕಿಕೊಂಡಿದ್ದಳೋ, ಅವರೇ ಇಷ್ಟು ಕಾಲವೂ ಒಬ್ಬರೇ ಕೂತು ನೊಂದಿದ್ದರು. ಇವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಬೇಡ, ಹೇಳಬೇಡ ಎಂದು. ಕೊಟ್ಟ ಮಾತು ನನಗೆ ನೆನಪಿತ್ತು. ಅದನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಮಂಡಿಯಲ್ಲಿ ಅಪ್ಪ ಉಸಿರೆಳೆದುಕೊಳ್ಳುವ ಹಾಗೆ ಉಸಿರೆಳೆದುಕೊಂಡೆ.

"ಮಾವಾ! ನಿಮ್ಮ ಕಿವಿ ಕೆಟ್ಟಿದೆ! ಅದು ನಿಮಗೆ ಗೊತ್ತಾಗಬಾರದು ಅಂತ ಇವರೆಲ್ಲ ಮೆಲ್ಲಗೆ ಮಾತಾಡ್ತಿದ್ದಾರೆ! ನನಗೂ ಹಾಗೇ ಮಾತಾಡು ಅಂದ್ರು! ನಿಮ್ಮ ಮೇಲೆ ಯಾರಿಗೂ ಬೇಜಾರಿಲ್ಲ! ಇರೋದೆಲ್ಲ ಪ್ರೀತಿ! ಬುದ್ಧಿ ಇಲ್ಲ ಅಷ್ಟೇ!"

ಆ ಮನೆಯ ಗೋಡೆಗಳು ಅಷ್ಟು ದೊಡ್ಡ ದನಿಯನ್ನು ಹಿಂದೆಂದೂ ಕೇಳಿರಲಾರವು. ಕೆಳಗೆ ಅಂಗಡಿಯಲ್ಲಿ ಯಾವುದೋ ಪಿಯಾನೊದ ತಂತಿ ಕೂಡ ಗುಂಯ್ ಅಂದ ಹಾಗಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ನಿಂತರು. ಮಾವನವರು ನನ್ನನ್ನೇ ನೋಡುತ್ತ ಕೂತಿದ್ದರು. ಆಮೇಲೆ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದು ನಾನು ಓಡಿಹೋದೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಮೇಲಿನ ಸ್ವರ ಹೋಗಿದೆ ಅಂತ ನನಗೆ ಗೊತ್ತಿಲ್ವಾ?" ಎಂದರು. "ಇವನು ದಿನಾ ನಾನು ಮಲಗಿದಾಗ ಹೋಗಿ ತಿದ್ದುತಾನೆ. ಇವನು ಎಡಗೈಯವನು, ಗೀರು ನನ್ನದಕ್ಕೆ ಎದುರು ಕಡೆ ವಾಲಿರುತ್ತೆ. ಕಿವಿ ಹೋಗಿದೆ ಕಣಮ್ಮ, ಕಣ್ಣು ಹೋಗಿಲ್ಲ. ಮಗ ಮರ್ಯಾದೆಗೆ ಹೇಳದೆ ತಿದ್ದುತಿದ್ದಾನೆ, ನಾನೂ ನೋಡದವನ ಹಾಗೆ ಇರೋಣ ಅಂತ ಇದ್ದೆ. ಕೆಲಸ ಚೆನ್ನಾಗೇ ಮಾಡ್ತಾನೆ. ಅದನ್ನ ಅವನಿಗೆ ಹೇಳೋಕೂ ಆಗ್ತಿರಲಿಲ್ಲ ನೋಡು, ಹೇಳಿದ್ರೆ ನನಗೆ ಗೊತ್ತು ಅಂತ ಅವನಿಗೆ ಗೊತ್ತಾಗುತ್ತಲ್ಲ."

ಇವರು ಬಾಗಿಲಿಗೆ ಒರಗಿದ್ದವರು ನಿಧಾನವಾಗಿ ಕುಸಿದು ನೆಲಕ್ಕೆ ಕೂತರು. ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅತ್ತೆ ಗಂಡನ ಪಕ್ಕ ಬಂದು, ಅವರ ಭುಜದ ಮೇಲೆ ಕೈಯಿಟ್ಟು, ಏನೋ ಹೇಳಿದರು. ಅಭ್ಯಾಸ ಬಲ, ಪಿಸುಮಾತಿನಲ್ಲೇ. ಮಾವನವರು ಮುಖ ಎತ್ತಿ "ಹಾಂ?" ಎಂದರು. ಅಷ್ಟು ವರ್ಷಗಳ ಸಂಸಾರದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲಿರಬೇಕು. ಅತ್ತೆ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದರು, "ಚಹಾ ಕುಡೀತೀರಾ ಅಂತ ಕೇಳಿದೆ!" ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ಮಾವನವರು ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಕುಡಿಯುತ್ತೇನೆ ಎಂದರು.

ಈಗ ಮಾವನವರೂ ಇಲ್ಲ, ಅತ್ತೆಯೂ ಇಲ್ಲ. ಕೆಳಗಿನ ಅಂಗಡಿಯಲ್ಲಿ ಯಾರೋ ಮೊಬೈಲು ಮಾರುತ್ತಾರೆ. ಹನಿಮೂನಿನ ಫೋಟೊಗಳನ್ನು ಮಕ್ಕಳು ಆಗಾಗ ತೆಗೆದು ನೋಡಿ ನಗುತ್ತಾರೆ. ನನಗೆ ಅವನ್ನು ನೋಡುವಾಗ ಕಡಲಿಗಿಂತ ಹೆಚ್ಚಾಗಿ ನೆನಪಾಗುವುದು ಅಂದಿನ ಸಂಜೆಯ ಚಹಾ. ನಾಲ್ವರೂ ನಡುಮನೆಯಲ್ಲಿ ಕೂತಿದ್ದೆವು. ಹೊಸದಾಗಿ ಪರಿಚಯವಾದವರಂತೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ಯಾರು ಮೊದಲು ಮಾತಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮಾವನವರೇ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ದ್ವೀಪ ಹೇಗಿತ್ತೋ?" ಎಂದರು. "ಹೋಗಿ ಬಂದಿರಿ, ಹೇಗಿತ್ತು ಅಂತ ಒಂದು ಮಾತೂ ಹೇಳಲಿಲ್ಲವಲ್ಲ. ನಾನು ಸಮುದ್ರ ನೋಡಿದವನಲ್ಲ. ಬಂದ ಮೇಲೆ ಹೇಳ್ತೀಯ ಅಂತ ಕಾದಿದ್ದೆ."

ಇವರ ಮುಖ ಬಿಳಿಚಿಕೊಂಡಿತು. ನಾವು ಹಿಂದಿರುಗಿದ ಸಂಜೆಯೇ ಇವರು ಅಪ್ಪನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ್ದರು. ನಾನೇ ಕಣ್ಣಾರೆ ನೋಡಿದ್ದೆ. ಚಹಾ ಆರಿ ತಣ್ಣಗಾಗುವ ತನಕ ಮೆಲುದನಿಯಲ್ಲಿ ಹೇಳಿದ್ದರು. ಮಾವನವರು ಮುಗುಳ್ನಗುತ್ತ, ತಲೆಯಾಡಿಸುತ್ತ, ಕೊನೆಯ ತನಕ ಕೂತಿದ್ದರು.

ಹೇಳಿದ್ದೆನಲ್ಲಪ್ಪ ಎಂದು ಇವರು ಅನ್ನಲಿಲ್ಲ. ಎದ್ದು ಬಂದು ಅಪ್ಪನ ಎದುರಿಗೆ ನೆಲದ ಮೇಲೆ ಕೂತರು. ದನಿ ಹೊರಗೆ ಬಂತು, ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡುವಷ್ಟು ಜೋರಾಗಿ.

"ಅಪ್ಪಾ! ಮೊದಲು ದೋಣಿ ಹತ್ತಿದ್ವಿ! ಆ ದೋಣಿಯವನ ಇಂಜಿನ್ ಇತ್ತಲ್ಲ ಅಪ್ಪಾ, ಅದರ ಶ್ರುತಿ ಅರ್ಧ ಸ್ವರ ಕೆಳಗಿತ್ತು!"

ದ್ವೀಪದಿಂದ ಬಂದು ಎಷ್ಟೋ ದಿನಗಳಾಗಿದ್ದವು. ಇವರು ಮನೆ ಸೇರಿದ್ದು ಮಾತ್ರ ಆ ಸಂಜೆ. ಪೆಟ್ಟಿಗೆಯನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿ ನಾನೂ ಇವರ ಪಕ್ಕ ಕೂತೆ.

"ಆಮೇಲೆ?" ಎಂದರು ಮಾವನವರು.